ಏಳು ಜನರ ಕಾರಿನಲ್ಲಿ ಹದಿನಾಲ್ಕು ಜನ

ಲೀಪಾ, ಬತಾಂಗಾಸ್
೨೦ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ಅಣ್ಣ, ಕುಯಾ ಗೋರ್ಯೋ,

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಕೆಲಸ ಜಾಸ್ತಿಯಿತ್ತು ಎಂದು ಬರೆದರೆ ಅದು ಅರ್ಧ ಸತ್ಯ. ಒಂದು ಕಡೆ ಕೂತು ಬರೆಯಲು ನನ್ನಿಂದ ಆಗುವುದಿಲ್ಲ ಎಂಬುದು ಇನ್ನರ್ಧ. ಹೈಸ್ಕೂಲು ಬಿಟ್ಟದ್ದೂ ಹಾಗೆ ಕೂರಲಾರದೆಯೇ ಅಲ್ಲವೇ? ಈ ತಂಗಿಯನ್ನು ಕ್ಷಮಿಸು. ನಿನ್ನ ದ್ವೀಪಕ್ಕೆ ಫೋನ್ ಸಿಗ್ನಲ್ ಬಂದರೆ ನಮ್ಮಿಬ್ಬರ ಕಷ್ಟವೂ ತೀರುತ್ತದೆ. ಅತ್ತಿಗೆ, ಮಗು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಒಣಮೀನು ತಲುಪಿತು. ಅಮ್ಮ ಅದನ್ನು ಹುರಿದು ಬೆಳ್ಳುಳ್ಳಿ ಅನ್ನದ ಜೊತೆ ಬಡಿಸಿದಳು. ವಾಸನೆಗೆ ಪಕ್ಕದ ಮೂರು ಮನೆಯವರೂ ತಟ್ಟೆ ಹಿಡಿದು ಬಂದರು.

ಈಗ ಸುದ್ದಿ ಕೇಳು. ನಮ್ಮ ಕಾರು ಗೆದ್ದಿತು! ಇನ್ನೂ ಕಂಪ್ಯೂಟರಿನ ಒಳಗೇ ಇದೆ, ಆದರೂ ಗೆದ್ದಿತು.

ಊರಿನ ಜನರನ್ನು ಹೊರುವ ಜೀಪ್ನಿ ಬಂಡಿಗಳನ್ನು ಕಟ್ಟುವ ಶೆಡ್ಡಿನಲ್ಲಿ ತಗಡು ಬಡಿಯುತ್ತಿದ್ದ ನಾನು ಕಾಲೇಜಿನವರ ಜೊತೆ ಹೇಗೆ ಸೇರಿದೆ ಎಂದು ಕೇಳಿದ್ದೆಯಲ್ಲ. ಇಂಜಿನಿಯರ್ ಮಕರಾಯೆಗ್ ಎಂಬ ಮೇಡಂ ಒಂದು ನಕ್ಷೆ ಹಿಡಿದು ನಮ್ಮ ಶೆಡ್ಡಿಗೆ ಬಂದಿದ್ದರು. ಇಲ್ಲಿಯವರೇ ಯೋಚಿಸಿ, ಇಲ್ಲಿಯೇ ಕಟ್ಟುವ ಕಾರು ಎಂದರು. ನಾನು ನೋಡಿ, "ಈ ಮೂಲೇನ ಹೀಗೆ ಬಗ್ಗಿಸೋ ಯಂತ್ರ ಈ ಊರಲ್ಲೇ ಇಲ್ಲ ಮೇಡಂ, ಇದನ್ನ ನೀವು ಜಪಾನಲ್ಲಿ ಕಟ್ಕೋಬೇಕು" ಎಂದೆ. ಮೇಸ್ತ್ರಿ ನನ್ನ ಕಾಲು ತುಳಿದರು. ಮೇಡಂ ಮಾತ್ರ ನಕ್ಕು, ಮರುವಾರವೇ ಕರೆಸಿಕೊಂಡರು.

ಅಲ್ಲಿ ವೆನ್ಸಿ ಎಂಬ ಕನ್ನಡಕದವನು ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಒಂದು ತುಂಡು ತಗಡೂ ಇಲ್ಲದೆ ಪರದೆಯ ಮೇಲೆ ಕಾರು ಕಟ್ಟುತ್ತಾನೆ, ಜನರನ್ನು ಕೂರಿಸುತ್ತಾನೆ, ನಮ್ಮ ರಸ್ತೆಯ ಗುಂಡಿಗಳನ್ನೆಲ್ಲ ಅಳೆದು ಒಳಗೆ ಹಾಕಿ ಅದರ ಮೇಲೆ ಲಕ್ಷ ಸಲ ಓಡಿಸುತ್ತಾನೆ. ಲೋಹ ನೆಮ್ಮದಿಯಾಗಿದ್ದರೆ ನೀಲಿ ಕಾಣುತ್ತದೆ, ನೊಂದರೆ ಕೆಂಪಾಗುತ್ತದೆ. ಕುಯಾ, ತಗಡಿಗೆ ಎಲ್ಲಿ ನೋವಾಗುತ್ತದೆ ಎಂದು ಕಣ್ಣಿಂದ ನೋಡಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಮೊದಲ ದಿನ ಊಟಕ್ಕೂ ಏಳಲಿಲ್ಲ. ನಾನು! ಕೂತೇ ಇದ್ದೆ!

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕಾರು ಪೂರಾ ನೀಲಿಯಾಗಿತ್ತು. ಹಿಂದೆ ಜೀಪ್ನಿಯಂತೆ ಎದುರುಬದುರು ಬೆಂಚು, ಒಟ್ಟು ಏಳು ಜನ, ತಲೆಗೆ ಎಪ್ಪತ್ತೈದು ಕಿಲೋ.

"ಯಾರಿವ್ರು ಏಳು ಜನ?" ಎಂದೆ.

"ನಿಯಮದ ಪ್ರಕಾರದ ಜನ," ಎಂದ ವೆನ್ಸಿ.

"ಇವರಿಗೆ ಮಕ್ಕಳಿಲ್ವಾ? ಅಕ್ಕಿ ಚೀಲ ಇಲ್ವಾ? ಬಾವ, ನಾದಿನಿ, ಯಾರೂ ಇಲ್ವಾ? ಪಾಪ, ಅನಾಥರು!"

ಮುಂದಿನ ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ, ನಮ್ಮ ಬೀದಿಯವರನ್ನೆಲ್ಲ ಕಾಲೇಜಿನ ಅಂಗಳಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಅದೇ ಅಳತೆಗೆ ಪ್ಲೈವುಡ್ಡಿನಲ್ಲಿ ಮಾಡಿದ ಮಾದರಿ ಇತ್ತು. ನಾನು ಹೇಳಿದ್ದು ಇಷ್ಟೇ: "ಸಮುದ್ರಕ್ಕೆ ಹೊರಟಿದ್ದೀರಿ ಅಂದ್ಕೊಂಡು ಹತ್ತಿ." ಹತ್ತಿದರು. ಏಳಕ್ಕೆ ನಿಲ್ಲಲಿಲ್ಲ, ಹತ್ತಕ್ಕೂ ನಿಲ್ಲಲಿಲ್ಲ. "ಸ್ವಲ್ಪ ಸರಿಯೇ!", "ಇನ್ನೆಲ್ಲಿಗೆ ಸರೀಲಿ, ಡ್ರೈವರ್ ತೊಡೆ ಮೇಲಾ?", "ಮಗೂನ ಇತ್ಲಾಗ್ ಕೊಡು, ನೀನು ಆ ಪಾತ್ರೆ ಹಿಡ್ಕೊ." ಕೊನೆಗೆ ಹದಿನಾಲ್ಕು ಜನ, ಒಂದು ಅಕ್ಕಿ ಚೀಲ, ಒಂದು ಪಾತ್ರೆ ಶಾವಿಗೆ, ಒಂದು ಕಾಳಗದ ಹುಂಜ. ಯಾರಿಗೂ ಇದು ಹೆಚ್ಚೆನಿಸಲೇ ಇಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಇಳಿಸಿ ಅಕ್ಕಿ ಅಂಗಡಿಯಿಂದ ತಂದ ತಕ್ಕಡಿಯ ಮೇಲೆ ನಿಲ್ಲಿಸಿದೆ. ಪೂರಿಂಗ್ ಅತ್ತೆ ನನ್ನ ಕಿವಿ ಹಿಂಡಿ, "ಬರ್ಕೊ, ಬಾಯ್ ಮಾತ್ರ ಬಿಡ್ಬೇಡ!" ಎಂದಳು. ಬರೆದುಕೊಂಡೆ. ಅವಳೇ ಬಗ್ಗಿ ನೋಡಿ, "ಅಂಗಡಿಯೋನು ಮೋಸಗಾರ, ತಕ್ಕಡೀನೇ ಸರಿಯಿಲ್ಲ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೊರಟಳು. ಒಟ್ಟು ಎಂಟುನೂರ ಮೂವತ್ತು ಕಿಲೋ.

ವೆನ್ಸಿ ಅಷ್ಟನ್ನೂ ಪರದೆಯೊಳಗೆ ಹೇರಿ ಓಡಿಸಿದ. ಹಿಂದಿನ ನೆಲ, ಸ್ಪ್ರಿಂಗ್ ಕೂರುವ ಜಾಗ, ಎಲ್ಲವೂ ಹಬ್ಬದಲ್ಲಿ ಸುಟ್ಟ ಹಂದಿಯ ಚರ್ಮದಂತೆ ಕೆಂಪಾದವು. ಎಂಟು ತಿಂಗಳಿಗೆ ಬಿರುಕು ಎಂದಿತು ಯಂತ್ರ.

ಗುರುವಾರ, ಕಾರಿಗೆ ಹಣ ಕೊಡುವ ಸಮಿತಿಯವರು ಬರುವವರಿದ್ದರು. ಅವರು ಒಪ್ಪಿದರೆ ನಿಜವಾದ ಮೊದಲ ಕಾರು, ಇಲ್ಲದಿದ್ದರೆ ಎರಡು ವರ್ಷದ ಕೆಲಸಕ್ಕೆ ಬೀಗ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು.

"ಅವರು ಕೇಳಿರೋದು ಏಳಕ್ಕೆ, ಫಿನಾ. ಏಳನ್ನೇ ತೋರಿಸೋಣ. ಹದಿನಾಲ್ಕು ಜನ ಹತ್ತೋದು ಕಾನೂನಿಗೆ ವಿರುದ್ಧ."

"ಕಾನೂನು ಅಂತ ಪೂರಿಂಗ್ ಅತ್ತೆ ಇಳಿದು ಹೋಗ್ತಾಳಾ ಮೇಡಂ?"

"ಗುರುವಾರ ಬಾಯಿ ಮುಚ್ಕೊಂಡು ಇರ್ತೀಯಾ?"

"ಯಾರೂ ಕೇಳ್ದೇ ಇದ್ರೆ ಇರ್ತೀನಿ."

ಕೇಳಿದರು. ಸಮಿತಿಯಲ್ಲಿ ಬೆಳ್ಳಿ ಕೂದಲಿನ ಒಬ್ಬ ಹೆಂಗಸಿದ್ದಳು. ನೀಲಿ ಕಾರನ್ನು ಎಲ್ಲರೂ ಮೆಚ್ಚುತ್ತಿದ್ದಾಗ ಅವಳು ಮೆಲ್ಲಗೆ, "ಏಳಕ್ಕಿಂತ ಜಾಸ್ತಿ ಜನ ಹತ್ತಿದ್ರೆ?" ಎಂದಳು. ಮೇಡಂ ನನ್ನ ಕಡೆ ನೋಡಲಿಲ್ಲ. ವೆನ್ಸಿ ಕನ್ನಡಕ ಒರೆಸಿದ. ನಾನು ಎದ್ದು ನಿಂತು, "ಬಿರುಕು ಬಿಡತ್ತೆ. ತೋರಿಸ್ತೀನಿ," ಎಂದೆ. ತೋರಿಸಿದೆ. ಅವರು ಹತ್ತು ದಿನ ಕೊಟ್ಟು ಹೊರಟುಹೋದರು. ಮೇಡಂ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ತಪ್ಪು ಮಾಡಿದೆ ಎಂದು ನನಗೆ ಅನಿಸಲಿಲ್ಲ, ಆದರೆ ಅಳು ಬಂತು. ಎರಡೂ ನಿಜ.

ತಗಡು ದಪ್ಪ ಮಾಡಿದೆವು. ಕಾರು ಭಾರವಾಯಿತು, ಕೆಂಪು ಬೇರೆ ಜಾಗಕ್ಕೆ ಹೋಯಿತು. ಒಂದು ಪಟ್ಟಿ ಸೇರಿಸಿದೆವು. ಆ ಪಟ್ಟಿಯೇ ಕೆಂಪಾಯಿತು. ಏಳನೆಯ ದಿನ, ತಲೆ ಕೆಟ್ಟು ಶೆಡ್ಡಿಗೆ ಹೋಗಿ ಒಂದು ಹಳೆಯ ಜೀಪ್ನಿಯ ಅಡಿಯಲ್ಲಿ ಮಲಗಿ ನೋಡಿದೆ. ಇಪ್ಪತ್ತು ಜನರನ್ನು ಮೂವತ್ತು ವರ್ಷ ಹೊತ್ತ ನೆಲ, ಒಂದು ಬಿರುಕಿಲ್ಲ. ಕಾರಣ ಬೆಂಚು! ನಮ್ಮ ಮೇಸ್ತ್ರಿಗಳು ಬೆಂಚಿಗೆ ಕಾಲು ಇಡುವುದಿಲ್ಲ, ತಗಡಿನ ಪೆಟ್ಟಿಗೆ ಮಾಡಿ ಉದ್ದಕ್ಕೂ ನೆಲಕ್ಕೆ ಬೆಸೆಯುತ್ತಾರೆ. ಸ್ಪ್ಯಾನರ್ ಇಡಲು ಎಂದು ನಾನು ತಿಳಿದಿದ್ದೆ. ಅದು ತೊಲೆ, ಕುಯಾ! ಜನರ ಭಾರವನ್ನು ನೇರ ಸ್ಪ್ರಿಂಗಿಗೆ ಮುಟ್ಟಿಸುತ್ತದೆ. ನಾವು ಮಾತ್ರ ಹಗುರವಾಗಲಿ ಎಂದು ಪೈಪಿನ ಕಾಲು ಕೊಟ್ಟಿದ್ದೆವು.

ವೆನ್ಸಿ ಬೆಂಚನ್ನು ಪೆಟ್ಟಿಗೆಯಾಗಿ ಬರೆದ, ಓಡಿಸಿದ. ಪರದೆ ಹಳದಿಯಾಯಿತು, ಹಸಿರಾಯಿತು, ಅಲ್ಲೇ ನಿಂತಿತು. ಪೆಟ್ಟಿಗೆಯ ಮೂಲೆಯನ್ನು ನಾವು ಸುತ್ತಿಗೆಯಲ್ಲಿ ಹೇಗೆ ದುಂಡಗೆ ಮಾಡುತ್ತೇವೋ ಹಾಗೆ ಮಾಡಿಸಿದೆ. ನೀಲಿ! ಮೇಡಂ ವೆನ್ಸಿಯ ಬೆನ್ನಿಗೆ ಬಾರಿಸಿದ ಏಟಿಗೆ ಅವನ ಕನ್ನಡಕ ಕೀಲಿಮಣೆಯ ಮೇಲೆ ಬಿತ್ತು. ಆಮೇಲೆ ನನ್ನನ್ನು ತಬ್ಬಿಕೊಂಡು, "ನಿನ್ನ ನಾಲಿಗೆಗೆ ಬೆಂಕಿ ಹಾಕ," ಎಂದರು. ಅದು ಕ್ಷಮೆ ಎಂದು ತಿಳಿದುಕೊಂಡೆ.

ಮೊನ್ನೆ ಸಮಿತಿ ಒಪ್ಪಿತು. ಕಾಗದದಲ್ಲಿ ಏಳೇ ಜನ, ನೆಲ ಮಾತ್ರ ಹದಿನಾಲ್ಕಕ್ಕೆ. ಮೊದಲ ತಗಡನ್ನು ನಾನು ಬಗ್ಗಿಸಬೇಕಂತೆ. ಸುದ್ದಿ ಕೇಳಿ ಪೂರಿಂಗ್ ಅತ್ತೆ, "ನನ್ನ ತೂಕದಿಂದ್ಲೇ ಕಾರು ಗಟ್ಟಿಯಾಯ್ತು," ಎಂದು ಈಗ ಅವಳೇ ಎಲ್ಲರಿಗೂ ತನ್ನ ಕಿಲೋ ಹೇಳಿಕೊಂಡು ತಿರುಗುತ್ತಿದ್ದಾಳೆ.

ನಿನ್ನ ದೋಣಿಯ ಇಂಜಿನ್ ಕೈಕೊಡದಿರಲಿ, ಬಲೆ ತುಂಬಿ ಬರಲಿ. ಮಗುವಿನ ತಲೆಯ ಮೇಲೆ ನನ್ನ ಪರವಾಗಿ ಕೈ ಇಡು. ದೇವರು ನಿಮ್ಮ ಮನೆಯನ್ನು ಕಾಯಲಿ. ನಿನ್ನ ಕೈಯನ್ನು ಹಣೆಗೆ ಒತ್ತಿಕೊಂಡಿದ್ದೇನೆ, ಹರಸು.

ನಿನ್ನ ತಂಗಿ,
ಫಿನಾ

ಮರೆತದ್ದಲ್ಲ, ಹೇಳಲು ಧೈರ್ಯ ಬಾರದೆ ಕೊನೆಗೆ ಉಳಿಸಿದ್ದು: ನಮ್ಮ ಕಾರಿನ ಹಿಂಭಾಗದಲ್ಲಿ ಹೊರಗೆ ನಿಲ್ಲಲು ಮೆಟ್ಟಿಲಿಲ್ಲ, ಹಿಡಿಯಲು ಕಂಬಿಯಿಲ್ಲ. ಎರಡನ್ನೂ ತೆಗೆಸಿದವಳು ನಾನು. ವೆನ್ಸಿ ಯಾಕೆಂದು ಕೇಳಿದಾಗ, ಚೆನ್ನಾಗಿ ಕಾಣುವುದಿಲ್ಲ ಎಂದೆ. ಸುಳ್ಳು. ಹನ್ನೊಂದು ವರ್ಷದ ಹಿಂದೆ ಅಪ್ಪನ ಜೀಪ್ನಿ ತುಂಬಿದ್ದಾಗ "ಇನ್ನಿಬ್ಬರಿಗೆ ಜಾಗ ಇದೆ" ಎಂದು ಕೂಗಿದವಳು ನಾನು. ಜಾಗವಿರಲಿಲ್ಲ. ನೀನು ಎದ್ದು ನಿನ್ನದನ್ನು ಬಿಟ್ಟುಕೊಟ್ಟು ಹಿಂದಿನ ಮೆಟ್ಟಿಲ ಮೇಲೆ ನಿಂತೆ, ತಿರುವಿನಲ್ಲಿ ಬಿದ್ದೆ. ಆಸ್ಪತ್ರೆಯಲ್ಲಿ ಅಪ್ಪ ಕೇಳಿದಾಗ ನೀನು, "ಆಟಕ್ಕೆ ನಿಂತಿದ್ದೆ, ಕೈ ಜಾರಿತು" ಎಂದೆ. ನಾನು ಮಂಚದ ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ. ನಿನ್ನ ಮಂಡಿ ಆಮೇಲೆ ಮಡಚಲೇ ಇಲ್ಲ. ಅಪ್ಪ ಸಾಯುವವರೆಗೂ ನಿನ್ನನ್ನೇ ಬೈದರು, ಆಗಲೂ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟು, "ನನಗಲ್ಲ, ಅವನಿಗೆ ಹೇಳು," ಎಂದಳು.