ಫ್ಯಾನಿಗೆ ಕಟ್ಟಿದ್ದ ಕೆಂಪು ಬಟ್ಟೆ

ಚನ್ನಗಿರಿ
೨೪-೧೦-೧೯೭೮, ಮಂಗಳವಾರ

ಪ್ರೀತಿಯ ಮಗ ಹಾಲಸ್ವಾಮಿಗೆ,

ಹೇಗಿದ್ದೀಯಪ್ಪಾ? ಲಾಡ್ಜಿನ ಊಟದಿಂದ ಹೊಟ್ಟೆ ಕೆಟ್ಟಿದೆ ಎಂದು ಬರೆದಿದ್ದೆ, ಈಗ ವಾಸಿಯೇ? ಮಜ್ಜಿಗೆಗೆ ಜೀರಿಗೆ ಹಾಕಿಕೊಂಡು ಕುಡಿಯಬೇಕಂತೆ, ನಿನ್ನ ತಾಯಿ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಬೆಂಗಳೂರಿನ ಲಾಡ್ಜಿನಲ್ಲಿ ಜೀರಿಗೆ ಎಲ್ಲಿ ಹುಡುಕುತ್ತೀಯೋ ಅವಳೇ ಬಲ್ಲಳು. ನಾವಿಬ್ಬರೂ ಆರೋಗ್ಯ. ನನಗೆ ನಿದ್ದೆ ಮಾತ್ರ ಸರಿಯಾಗಿ ಹತ್ತುತ್ತಿಲ್ಲ.

ನಿನ್ನೆ ದಾವಣಗೆರೆ ಆಸ್ಪತ್ರೆಗೆ ಹೋಗಿ ಓಬಳಪ್ಪನನ್ನು ನೋಡಿ ಬಂದೆ. ಜಗಳೂರಿನ ಬಯಲಿನಲ್ಲಿ, ಹೊಲಗಳಿಗೆ ಔಷಧಿ ಹೊಡೆಯುವ ನಿಮ್ಮ ಕಂಪನಿಯ ವಿಮಾನಕ್ಕೆ ಕಾವಲಿದ್ದ ಮನುಷ್ಯ ಈಗ ಬಲಗೈಗೆ ಮೊಣಕೈವರೆಗೂ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದಾನೆ. ಎರಡು ಬೆರಳು ಉಳಿಯಲಿಲ್ಲ. ನನ್ನನ್ನು ಕಂಡರೆ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ: "ನಿಮ್ ಹುಡುಗನ ಕೆಲ್ಸಕ್ಕೇನೂ ಆಗಲ್ಲ ಅಲ್ರೀ ಡ್ರೈವರ್ರೇ?" ತಂದಿದ್ದ ಮೋಸಂಬಿ ಅವನ ತಲೆದಿಂಬಿನ ಹತ್ತಿರ ಇಟ್ಟು ಎದ್ದು ಬಂದೆ.

ಆಯುಧಪೂಜೆಯ ಆ ಬೆಳಿಗ್ಗೆಯನ್ನೇ ಮತ್ತೆ ಮತ್ತೆ ನೆನೆಯುತ್ತೇನೆ. ಪೈಲಟ್ ಹಬ್ಬಕ್ಕೆ ಊರಿಗೆ ಹೋಗಿದ್ದ. ವಿಮಾನದ ಮೆಕ್ಯಾನಿಕ್ ಎಂದು ಅಲ್ಲಿದ್ದವನು ನೀನೊಬ್ಬನೇ. ನೀನು ಇಂಜಿನ್ ಓಡಿಸಿ ನೋಡಿದಾಗ, ಚಾವಿಯನ್ನು ಆಫ್‌ಗೆ ತಿರುಗಿಸಿದರೂ ಅದು ನಿಲ್ಲಲಿಲ್ಲ. ಪೆಟ್ರೋಲು ಬಂದ್ ಮಾಡಿ ನಿಲ್ಲಿಸಿದೆ. ಹೊಸ ವೈರು ತರಲು ಬಸ್ಸು ಹತ್ತುವ ಮೊದಲು, ನಿನ್ನನ್ನು ನೋಡಲು ಬಂದಿದ್ದ ನನ್ನ ಕೈಗೆ ಚಾವಿ ಕೊಟ್ಟು ಹೇಳಿದೆ: "ಅಪ್ಪಾ, ನಿನ್ ಜೀಪಿನಾಗೆ ಸ್ವಿಚ್ಚಿನ ವೈರು ಕಡಿದ್ರೆ ಇಂಜಿನ್ ನಿಲ್ತೈತೆ. ಇದ್ರಾಗೆ ಉಲ್ಟಾ, ವೈರು ಕಡಿದ್ರೆ ಆಫ್ ಮಾಡಾಕೇ ಆಗಲ್ಲ. ಚಾವಿ ತೆಗೆದಿದ್ರೂ ಮೂತಿ ಮ್ಯಾಲಿನ ಫ್ಯಾನು ಕೈಲಿ ತಿರುವಿದ್ರೆ ಕಿಡಿ ಹಾರಿ ಇಂಜಿನ್ ಶುರುವಾಗ್ತೈತೆ. ಯಾರ್ನೂ ಮುಟ್ಟಾಕೆ ಬಿಡಬ್ಯಾಡ." ಇಪ್ಪತ್ತೆಂಟು ವರ್ಷ ತಾಲ್ಲೂಕು ಕಚೇರಿಯ ಜೀಪು ಓಡಿಸಿದವನಿಗೆ ಮಗ ಪಾಠ ಹೇಳುತ್ತಾನಲ್ಲ ಎಂದು ಒಳಗೊಳಗೇ ಸಿಟ್ಟು ಬಂತು. ಚಾವಿ ಜೇಬಿನಲ್ಲಿದ್ದರೆ ಗಾಡಿ ಸತ್ತಂತೆ, ಇದು ನನ್ನ ಶಾಸ್ತ್ರ.

ಹಬ್ಬದ ದಿನ ಅಷ್ಟು ದೊಡ್ಡ ಯಂತ್ರಕ್ಕೆ ಪೂಜೆಯಿಲ್ಲದೆ ಬಿಡಲು ಮನಸ್ಸು ಬರಲಿಲ್ಲ. ಚಕ್ರಗಳಿಗೆ ನಿಂಬೆಹಣ್ಣು ಇಟ್ಟೆ. ಫ್ಯಾನಿನ ಕೆಳಗಿನ ಅಲಗಿಗೆ ಮೂರೆಳೆ ವಿಭೂತಿ ಹಚ್ಚಿದೆ. ಮೇಲಿನದು ಕೈಗೆ ಎಟುಕಲಿಲ್ಲ. ಒಂದಕ್ಕೆ ಹಚ್ಚಿ ಇನ್ನೊಂದನ್ನು ಬರಿದಾಗಿ ಬಿಡುವುದು ಹೇಗೆ? "ಎಳಿಯೋ ಓಬಳಪ್ಪಾ ಕೆಳಿಕ್ಕೆ, ಚಾವಿ ನನ್ ಜೇಬಿನಾಗೈತೆ" ಎಂದೆ. ಅವನು ನನ್ನ ಮಾತು ನಂಬಿ ಎಳೆದ. ಇಂಜಿನ್ ಒಂದೇ ಸಲ ಕೆಮ್ಮಿತು, ಫ್ಯಾನು ಒಂದು ಸುತ್ತು ಹೊಡೆದು ನಿಂತಿತು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಚಾವಿ ಜೇಬಿನಲ್ಲೇ ಇತ್ತು.

ಎಳೆಯಲು ಹೇಳಿದವನು ನಾನೇ ಎಂದು ಪೊಲೀಸರ ಮುಂದೆ ಒಪ್ಪಿಕೊಂಡಿದ್ದೇನೆ. ಆದರೆ ಕಂಪನಿಯವರು ಹಿಡಿದಿರುವುದು ಬೇರೆ. ಸ್ವಿಚ್ಚು ಕೆಟ್ಟ ವಿಮಾನದ ಫ್ಯಾನಿಗೆ, ಮುಟ್ಟಬಾರದೆಂಬ ಗುರುತಿಗೆ, ಕೆಂಪು ಬಟ್ಟೆ ಕಟ್ಟಿಯೇ ಹೋಗಬೇಕಂತೆ, ನೀನು ಕಟ್ಟಿರಲಿಲ್ಲವಂತೆ. ಬಟ್ಟೆಯನ್ನು ನೋಡಿದೆಯಾ ಎಂದು ಪೊಲೀಸರು ಕೇಳಿದರು, ಓಬಳಪ್ಪ ನೆನಪಿಲ್ಲ ಎಂದ. ನಾನು ನೋಡಿಲ್ಲ ಎಂದೆ. ಹಾಗೇ ಬರೆದುಕೊಂಡರು. ಸೋಮವಾರ ಬೆಂಗಳೂರಿನ ವಿಚಾರಣೆಯಲ್ಲಿ "ಕಟ್ಟಲು ಮರೆತೆ" ಎಂದು ಬರೆದು ಸಹಿ ಹಾಕುತ್ತೇನೆ, ಮುಗಿದುಹೋಗಲಿ ಎಂದಿದ್ದೀಯ. ಲೈಸೆನ್ಸು ಹೋದರೆ ನಿನಗೆ ಮುಗಿಯುವುದಿಲ್ಲ ಮಗಾ, ಅಲ್ಲಿಂದಲೇ ಶುರು. ಮನೆ ಬಾಗಿಲ ಅಗುಳಿಯನ್ನು ಎರಡು ಸಲ ಎದ್ದು ಎಳೆದು ನೋಡುವವನು ನೀನು. ನಿನಗೆಂಥ ಮರೆವು?

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ತಾಯಿ ಸರ್ವಮಂಗಳಮ್ಮ ದಿನವೂ ನಿನ್ನ ಹೆಸರು ಹೇಳಿ ದೇವರಿಗೆ ದೀಪ ಹಚ್ಚುತ್ತಾಳೆ. ಅವಳದೂ ನನ್ನದೂ ಆಶೀರ್ವಾದ ನಿನ್ನ ಮೇಲಿರಲಿ.

ನಿನ್ನ ಅಪ್ಪ,
ಕಲ್ಲೇಶಪ್ಪ

ತಾ.ಕ.: ಇದನ್ನು ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ನಿನ್ನ ತಾಯಿಯ ಎದುರು ಕೈ ಓಡಲಿಲ್ಲ. ಸಹಿ ಹಾಕಬೇಡ ಎಂದು ಈಗಷ್ಟೇ ತಂತಿ ಕೊಟ್ಟೆ. ಕಾರಣ ತಂತಿಯಲ್ಲಿ ಹೇಳುವಂಥದ್ದಲ್ಲ. ನೀನು ಬಟ್ಟೆ ಕಟ್ಟಿದ್ದೆ. ಓಬಳಪ್ಪ ನೀರು ತರಲು ಹೋದಾಗ, ವಿಭೂತಿಗೆ ಅಡ್ಡ ಎಂದು ಬಿಚ್ಚಿದವನು ನಾನು. ಪೊಲೀಸರು ಕೇಳುವಾಗ ಅದು ನನ್ನ ಜೇಬಿನಲ್ಲೇ ಇತ್ತು. ಹೆದರಿಬಿಟ್ಟೆ. ಈಗ ಅದನ್ನು ಹಿಡಿದುಕೊಂಡು ಹನ್ನೊಂದರ ಬಸ್ಸಿಗೆ ಹೊರಟಿದ್ದೇನೆ, ಜಗಳೂರು ಠಾಣೆಯಲ್ಲಿ ಎಲ್ಲ ಬರೆದುಕೊಡುತ್ತೇನೆ. ನೀನು ಹಾಕಿದ್ದ ಗಂಟು ಬಹಳ ಬಿಗಿಯಾಗಿತ್ತು, ಹಲ್ಲು ಹಚ್ಚಿ ಬಿಚ್ಚಿದೆ.