ಚಿಲಕ ಯಾವ ಕಡೆಗೆ

ತಿಪಟೂರು
14-11-2003

ಪ್ರೀತಿಯ ಹೊಂಬಾಳಮ್ಮ ಚಿಕ್ಕಮ್ಮನಿಗೆ ಸುನಿತಾಳ ನಮಸ್ಕಾರ.

ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೀತಿದೀನಿ, ಬೈಕೋಬೇಡ. ನಿಮ್ಮೂರು ದಂಡಿನಶಿವರ ಇಷ್ಟು ಹತ್ತಿರವಿದ್ದೂ ಬರೋಕಾಗಲಿಲ್ಲ. ಮಂಡಿನೋವು ಹೇಗಿದೆ?

ಇಲ್ಲಿ ಒಂದು ಅಪಾರ್ಟ್‌ಮೆಂಟಿನ ಒಳಾಂಗಣದ ಕೆಲಸ ಒಪ್ಪಿಕೊಂಡಿದ್ದೆ. ರಂಗನಾಥ್ ಅಂತ, ಕೊಬ್ಬರಿ ಮಂಡಿಯವರು. "ಪ್ಲಾಸ್ಟಿಕ್ಕು, ಸನ್‌ಮೈಕಾ ಏನೂ ಬೇಡ ಕಣ್ರೀ. ನಮ್ಮ ಸೀಮೆ ಸಾಮಾನಲ್ಲೇ ಮಾಡಿ. ಒಳಗೆ ಬಂದೋರಿಗೆ ಆಚೆ ಹೋಗೋಕೆ ಮನಸ್ಸಾಗಬಾರದು" ಅಂದ್ರು.

ನನಗೆ ಹಿಗ್ಗೋ ಹಿಗ್ಗು. ಹಳೇ ತೆಂಗಿನ ಮರ ಕೊಯ್ಸಿದೆ. ಅದರ ಹಲಗೆ ಎಣ್ಣೆ ಕುಡಿದ ಮೇಲೆ ಎಂಥ ಬಣ್ಣ ಬರುತ್ತೆ ಅಂತೀಯ! ಅಡುಗೆ ಕಟ್ಟೆಗೆ ತುರುವೇಕೆರೆ ಕರಿಕಲ್ಲು, ಗೋಡೆಗೆ ಸುಣ್ಣದ ಗಾರೆ, ನೆಲಕ್ಕೆ ನಾರಿನ ಚಾಪೆ, ದಿವಾನದ ಮೇಲೆ ಹುಳಿಯಾರು ಕಡೆ ಕುರಿಯವರ ಕಂಬಳಿ.

ಅವರ ಹೆಂಡತಿ ಯಮುನಾ ಮಾತೇ ಆಡ್ತಿರಲಿಲ್ಲ. ಗಂಡನ ಜೊತೆಗೇ ಬರೋರು, ಜೊತೆಗೇ ಹೋಗೋರು. ಒಂದು ದಿನ ಮಾತ್ರ ಕಿಟಕಿ ಪಕ್ಕದ ಹಲಗೆ ಸವರಿ, "ಇಲ್ಲಿ ಪುಸ್ತಕ ಇಡಬಹುದಾ?" ಅಂದ್ರು. "ಹೂದಾನಿ ಇಡೋಣ" ಅಂತ ರಂಗನಾಥ್ ನಕ್ಕರು.

ಹೋದ ಶುಕ್ರವಾರ ಬಡಗಿ ಸಣ್ಣತಿಮ್ಮಯ್ಯ ನನ್ನ ಪಕ್ಕಕ್ಕೆ ಕರೆದ. "ಅವ್ವಾ, ಮಲಗೋ ಮನೆ ಬಾಗ್ಲಿಗೆ ಒಳಗ್ಡೆ ಚಿಲ್ಕ ಬ್ಯಾಡ, ಆಚೆಗೇ ಹಾಕು ಅಂದವ್ರೆ. ನಂಗ್ಯಾಕೋ ಸರಿ ಕಾಣ್ತಿಲ್ಲ."

ರಂಗನಾಥ್‌ರನ್ನ ಕೇಳಿದೆ. "ಅವಳಿಗೆ ನಿದ್ದೇಲಿ ಓಡಾಡೋ ಕಾಯಿಲೆ. ಅವಳ ಒಳ್ಳೇದಕ್ಕೇ ಕಣ್ರೀ" ಅಂದ್ರು. ಅಷ್ಟರಲ್ಲಿ ಫೋನ್ ಬಂದು ಬಾಲ್ಕನಿಗೆ ಹೋದ್ರು.

ಯಮುನಾ ಹತ್ತಿರ ಬಂದು ಪಿಸುಗುಟ್ಟಿದ್ರು. "ನಂಗೆ ಯಾವ ಕಾಯಿಲೇನೂ ಇಲ್ಲ. ಹುಳಿಯಾರಲ್ಲಿ ಟೀಚರ್ ಕೆಲಸಕ್ಕೆ ಆರ್ಡರ್ ಬಂದಿದೆ. ಸೋಮವಾರದೊಳಗೆ ಸೇರಬೇಕು. ಅದು ಬಂದಾಗಿಂದ ಇವರು ಹೊರಗೆ ಹೋಗೋವಾಗೆಲ್ಲ ನನ್ನ ಕೂಡಿ ಹಾಕ್ತಾರೆ."

ನಾನು ಸಣ್ಣತಿಮ್ಮಯ್ಯನಿಗೆ ಚಿಲಕ ಒಳಗಡೆಗೇ ಹಾಕು ಅಂದೆ.

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದ್ರು. ಬಾಗಿಲು ನೋಡಿದ್ದೇ ರಂಗನಾಥ್ ಕೂಗಿಬಿಟ್ರು. "ಯಾರನ್ನ ಕೇಳಿ ಹಾಕಿದೆ? ಕಿತ್ತು ಆಚೆಗೆ ಹಾಕೋ!"

ಸಣ್ಣತಿಮ್ಮಯ್ಯ ಉಳಿ ಕೆಳಗಿಟ್ಟ. "ನನ್ ಕೈಲಾಗಲ್ಲ ಸ್ವಾಮಿ."

"ನಾನೇ ಹಾಕಿಸಿದ್ದು. ತೆಗೆಸಲ್ಲ" ಅಂದೆ.

ರಂಗನಾಥ್ ನನ್ನ ಮುಖದ ಹತ್ತಿರಕ್ಕೇ ಬಂದು, "ಸಂಸಾರ ಒಡೆಯೋಕೆ ಬಂದಿದೀಯಾ? ನಡಿ ಆಚೆ!" ಅಂದ. ನಾನು ಹೊಸ್ತಿಲ ಹತ್ತಿರ ನಿಂತು ಕೇಳಿದೆ. "ಯಮುನಾ, ಬರ್ತೀರಾ?"

ಅವರು ಗಂಡನ ಮುಖ ನೋಡಲಿಲ್ಲ. ಬರಿಗಾಲಲ್ಲೇ ನಡೆದು ಬಂದ್ರು. ಅವನು ತೋಳು ಹಿಡಿದ. ಸಣ್ಣತಿಮ್ಮಯ್ಯ ಅಡ್ಡ ನಿಂತು, "ಕೈ ಬುಡಿ" ಅಂದ. ಅಷ್ಟೇ ಅಂದಿದ್ದು. ಅದ್ಯಾಕೋ ರಂಗನಾಥ್ ಕೈ ಬಿಟ್ಟ. ಮೆಟ್ಟಿಲು ಇಳಿಯೋವಾಗ ಯಮುನಾ ನನ್ನ ಕೈ ಹಿಡಿದ ಬಿಗಿಗೆ ನನ್ನ ಎರಡು ಬಳೆ ಒಡೆದ್ವು.

ಆರ್ಡರ್ ಕಾಪಿ ರವಿಕೆಯೊಳಗೆ ಮಡಿಸಿ ಇಟ್ಟುಕೊಂಡಿದ್ರು. ಮಧ್ಯಾಹ್ನ ಹುಳಿಯಾರಲ್ಲಿ ರುಜು ಹಾಕಿ ಕೆಲಸಕ್ಕೆ ಸೇರಿದ್ರು. ಈಗ ಕೆಂಕೆರೇಲಿ ಅವರಕ್ಕ ರಂಗಕ್ಕನ ಮನೇಲಿದಾರೆ. ರಂಗನಾಥ್ ಎರಡು ಸಲ ಹೋಗಿದ್ದನಂತೆ, ರಂಗಕ್ಕ ಜಗುಲಿ ಹತ್ತಿಸಲಿಲ್ಲವಂತೆ.

ಫ್ಲ್ಯಾಟಿಗೆ ಬೀಗ ಬಿದ್ದಿದೆ. ಇನ್ನೂ ಇಬ್ಬರು ನನಗೆ ಕೊಟ್ಟಿದ್ದ ಕೆಲಸ ವಾಪಸ್ ತಗೊಂಡ್ರು. ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ನನ್ನ ಕೈಯಲ್ಲಿ ಅಷ್ಟು ಚೆಂದ ಬಂದ ಮನೆ ಇನ್ನೊಂದಿಲ್ಲ.

ಚಿಕ್ಕಪ್ಪನಿಗೆ ನಮಸ್ಕಾರ ಹೇಳು. ನಿನ್ನ ಆಶೀರ್ವಾದ ಇರಲಿ, ಈಗ ಬೇಕಾಗಿದೆ.

ನಿನ್ನ
ಸುನಿತಾ

ಮರೆತ ಮಾತು: ಮರೆತಿರಲಿಲ್ಲ, ಬರೆಯೋ ಧೈರ್ಯವಿರಲಿಲ್ಲ. ನೀನು ಮೆಟ್ರಿಕ್ ಪರೀಕ್ಷೆಗೆ ಹೊರಟ ಬೆಳಿಗ್ಗೆ ನಿನ್ನ ಒಳಗೆ ಕೂಡಿ ಹಾಕಿದ್ದು ಅಜ್ಜಿ ಅಂತ ಇವತ್ತಿಗೂ ಅಂದುಕೊಂಡಿದೀಯ. ಕೂಡಿ ಹಾಕು ಅಂತ ಅಜ್ಜಿ ಹೇಳಿದ್ದು ನಿಜ. ಆಚೆಯಿಂದ ಚಿಲಕ ಎಳೆದದ್ದು ನಾನು. ಆಗ ನನಗೆ ಒಂಬತ್ತು ವರ್ಷ. ಬಾಗಿಲಿಗೆ ಒರಗಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. "ಆಚೆ ಯಾರಾದ್ರೂ ಇದೀರಾ?" ಅಂತ ನೀನು ಮೂರು ಸಲ ಕೇಳಿದೆ.

ನಾನಿದ್ದೆ ಚಿಕ್ಕಮ್ಮ.