‘ಬಾ’ ಆದಮೇಲೆ

ಫೆಬ್ರವರಿ 2, ಮಧ್ಯಾಹ್ನ

ಮಾತ್ರೆ ಕೊಟ್ಟಾಯಿತು. ಮಗ್ಗುಲು ಬದಲಿಸಿಯಾಯಿತು. ಕರ್ಟನ್ ಎರಡು ಬಾಕಿ. ಇವರಿಗೆ ಸ್ಟ್ರೋಕ್ ಆದಮೇಲೆ ಹೊಲಿಗೆ ಮೆಷಿನ್ನನ್ನೂ ಈ ರೂಮಿಗೇ ತಂದುಕೊಂಡೆ. ಕಣ್ಣೆದುರಿಗಿದ್ದರೆ ಸಮಾಧಾನ ಅಂತ. ಸಮಾಧಾನ ಎಲ್ಲಿ... ಕೆಮ್ಮಿದರೆ ಎದೆ ಧಸಕ್ ಅನ್ನುತ್ತದೆ, ಸುಮ್ಮನಿದ್ದರೆ ಇನ್ನೂ ಜಾಸ್ತಿ.

ಸ್ಪೀಚ್ ಥೆರಪಿ ಮೇಡಂ ಬಂದಿದ್ದರು. ಲೋಟ ತೋರಿಸಿ ಇದೇನು ಅಂದರು. ಇವರು ಬಾಯಿ ತೆರೆಯುವಷ್ಟರಲ್ಲಿ ನಾನೇ "ಲೋಟ" ಅಂದೆ.

"ಪರೀಕ್ಷೆ ಅವರಿಗಮ್ಮಾ, ನಿಮಗಲ್ಲ. ನೀವು ಎತ್ತಿಕೊಟ್ಟರೆ ಅವರ ನಾಲಿಗೆ ಯಾಕೆ ಕಷ್ಟಪಡುತ್ತೆ? ಅರ್ಧಕ್ಕೆ ನಿಂತರೆ ಕಾಯಿರಿ."

ಅಂಗಡಿ ಬೋರ್ಡು ಬರೆಯುತ್ತಿದ್ದ ಮನುಷ್ಯ. ಒಂದು ಕೊಂಬು ತಪ್ಪಿದರೂ ಇಡೀ ಸಾಲು ಅಳಿಸುತ್ತಿದ್ದರು. ನಾನು ಸ್ಕೂಲು ಅರ್ಧಕ್ಕೆ ಬಿಟ್ಟವಳು, ನನ್ನ ಸಾಮಾನಿನ ಚೀಟಿಯನ್ನೂ ಬಿಡದೆ ತಿದ್ದುತ್ತಿದ್ದರು. ಈಗ ಆ ಬಾಯಲ್ಲಿ ಒಂದಕ್ಷರ ಇಲ್ಲ.

ಫೆಬ್ರವರಿ 5

ಟಿವಿಯಲ್ಲಿ ಹಕ್ಕಿಗಳ ಕಾರ್ಯಕ್ರಮ. ಯಾವುದೋ ಭಾಷೆ, ನನಗೆ ಅರ್ಥವಾಗದು. ಹಿಮದ ಬೆಟ್ಟ ದಾಟಿಕೊಂಡು ದೇಶದಿಂದ ದೇಶಕ್ಕೆ ಹೋಗುತ್ತವೆ. ಗಾಳಿ ಹೊಡೆದು ಒಂದು ಕೆಳಕ್ಕೆ ಜಾರಿತು. ಹೋಯಿತು ಅಂತ ಕಣ್ಣು ಮುಚ್ಚಿಕೊಂಡೆ. "ಅಯ್ಯೋ, ಕೊಕ್ಕರೆ ಬಿತ್ತು ರೀ..."

"ಬಾ..." ಅಂದರು ಇವರು!

ಸ್ಟ್ರೋಕ್ ಆದಮೇಲೆ ಮೊದಲ ಮಾತು. ನನ್ನನ್ನೇ ಕರೆದರು. ಬಟ್ಟೆ, ಕತ್ತರಿ ಬಿಸಾಕಿ ಓಡಿದೆ. "ಬಂದೆ ರೀ. ನೀರಾ? ಸೊಳ್ಳೆನಾ?" ಎಡಗೈಯಿಂದ ಆಚೆ ತಳ್ಳಿದರು. ಮತ್ತೆ "ಬಾ" ಅಂದರು. ಇನ್ನೂ ಹತ್ತಿರ ಹೋದೆ. ಅತ್ತೇಬಿಟ್ಟರು.

ಕರೆಯುತ್ತಾರೆ, ತಳ್ಳುತ್ತಾರೆ. ಬುದ್ಧಿಗೂ ಏನಾದರೂ...

ಫೆಬ್ರವರಿ 6

ಅತ್ತಿಗೆ ಬಂದರು, ಇವರ ಅಕ್ಕ. ಹೇಳಿದೆ.

"ಹೆಂಡ್ತೀನ ಕರೆದು ತಳ್ಳೋದು ಹೊಸ ಕಾಯಿಲೆ ಅಲ್ಲ ಕಣೇ. ಎಲ್ಲಾ ಗಂಡಸರಿಗೂ ಇದೆ."

ನಗು ಬಂತು. ಆಮೇಲೆ ನಕ್ಕಿದ್ದಕ್ಕೇ ಭಯವಾಯಿತು.

ಫೆಬ್ರವರಿ 15

ಬರೆಯಲು ಮನಸ್ಸೇ ಇರಲಿಲ್ಲ. ಅವತ್ತಿನಿಂದ ಇವರು ತುಟಿ ಬಿಚ್ಚಿರಲಿಲ್ಲ. ನನ್ನಿಂದಲೇ ಅಂತ...

ಇವತ್ತು ಅದೇ ಹಕ್ಕಿಗಳನ್ನು ಮತ್ತೆ ಹಾಕಿದರು. ಅತ್ತಿಗೆ ನನ್ನನ್ನು ಮೆಷಿನ್ ಮುಂದೆ ಕೂರಿಸಿ, "ಮೇಡಂ ಕಾಯಿರಿ ಅಂದಿಲ್ವಾ? ಎದ್ದರೆ ಕಾಲು ಮುರೀತೀನಿ" ಅಂದರು. ಹಕ್ಕಿಗಳ ಸಾಲು ಬಂತು. "ಕೊಕ್ಕರೆ ಬಂತು ನೋಡಿ" ಅಂದೆ. ಬಾಯಿ ಸುಮ್ಮನಿರಬೇಕಲ್ಲ.

"ಬಾ..."

ಎದ್ದೆ. ಅತ್ತಿಗೆ ಕಣ್ಣು ಬಿಟ್ಟರು. ಕೂತೆ. ಕರ್ಟನ್ ಅಂಚು ಹಲ್ಲಲ್ಲಿ ಕಚ್ಚಿಕೊಂಡೆ. ಇವರ ತುಟಿ ನಡುಗುತ್ತಿತ್ತು. ಟಿವಿಯಲ್ಲಿ ಆ ಹಕ್ಕಿ ಜಾರಿತು. ಈ ಸಲ ಕಣ್ಣು ಮುಚ್ಚಲಿಲ್ಲ. ಜಾರಿದ್ದು ರೆಕ್ಕೆ ಬಡಿದು, ಬಡಿದು, ಮೇಲೆದ್ದು ಸಾಲಿನ ಕೊನೆಗೆ ಸೇರಿಕೊಂಡಿತು! ಬಿದ್ದೇ ಇರಲಿಲ್ಲ ಅದು. ನಾನೇ ನೋಡಿರಲಿಲ್ಲ.

"ಬಾ... ತು."

ಎಂಜಲು ಸಿಡಿಯಿತು. "ನಂಗೇ ಥೂ ಅಂತೀಯೇನೋ!" ಅಂದರು ಅತ್ತಿಗೆ. ಇವರು ಟಿವಿ ಕಡೆ ಬೆರಳು ಮಾಡಿದರು. ಆಮೇಲೆ ನನ್ನ ಕಡೆ. "ಬಾತು."

ಕರೆದದ್ದಲ್ಲ, ತಿದ್ದಿದ್ದು! ನಾನು ಕೊಕ್ಕರೆ ಅಂದದ್ದು ತಡೆಯಲಾಗಲಿಲ್ಲ ಮಹಾರಾಯರಿಗೆ. ನಾನೋ, ಅವತ್ತು ಓಡಿಹೋಗಿ ಟಿವಿಗೇ ಅಡ್ಡ ನಿಂತಿದ್ದೆ.

ಫೆಬ್ರವರಿ 20

ನಿನ್ನೆ "ಹೆಬ್ಬಾತು" ಅಂದರು. ಬರೀ ಬಾತು ಅಂದದ್ದೂ ತಪ್ಪಂತೆ, ತಮ್ಮನ್ನೇ ತಿದ್ದಿಕೊಂಡರು. ಮೇಡಂ ಚಪ್ಪಾಳೆ ತಟ್ಟಿದರು.

ಈಗ ಬೇಕಂತಲೇ ತಪ್ಪು ಹೇಳುತ್ತೇನೆ. ಕತ್ತರಿಗೆ ಚಾಕು, ದಿಂಬಿಗೆ ಚಾಪೆ. ಸಿಟ್ಟು ಬರಲಿ. ಆದರೂ ಒಳಗೊಳಗೇ ಪುಕಪುಕ... ಇಷ್ಟಕ್ಕೇ ನಿಂತುಬಿಟ್ಟರೆ?

ಫೆಬ್ರವರಿ 21, ಸಂಜೆ

ಕರ್ಟನ್ ಮುಗಿಯಿತು. ಟಿವಿ ಆಫ್ ಮಾಡಿದೆ. ಇದನ್ನು ಬರೆಯುತ್ತಿರುವಾಗಲೇ "ಬಾ" ಅಂದರು. ನಾನು ತಪ್ಪೇನೂ ಹೇಳಿಲ್ಲ. ಹಕ್ಕಿಯೂ ಇಲ್ಲ. ಮುಂದಿನ ಅಕ್ಷರಕ್ಕೆ ಕಾಯುತ್ತಾ ಕೂತಿದ್ದೇನೆ.

ಬರಲಿಲ್ಲ.

ಮತ್ತೆ "ಬಾ." ಎಡಗೈ ಚಾಚಿದ್ದಾರೆ. ಮಂಚದಲ್ಲಿ ಜಾಗ ಮಾಡಿಕೊಂಡು ಸರಿದಿದ್ದಾರೆ. ಮುಂದೆ ಅಕ್ಷರವೇ ಇಲ್ಲ ಅನಿಸುತ್ತದೆ. ಪದ ಇಷ್ಟೇ. ನನ್ನನ್ನೇ —